ನೀರಿನ ಕೆಳಗಿನ ಗದ್ದೆಗಳು ಮತ್ತು ಹಳೇ ಕಂಪ್ಯೂಟರು

ಕಂಪ್ಯೂಟರ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಬುದ್ಧಿ. ಮೂರು ನೋಟ್‌ಬುಕ್ಕಿನ ಬರಹವನ್ನು ಅದರೊಳಗೆ ಟೈಪ್ ಮಾಡಿಸಿ, ಇನ್ನು ಇವು ಯಾಕೆ ಎಂದು ನೋಟ್‌ಬುಕ್ಕುಗಳನ್ನು ಬಚ್ಚಲ ಒಲೆಗೆ ಹಾಕಿದವಳು ನಾನೇ. (ಚೆನ್ನಾಗಿ ಉರಿದವು. ನೀರೂ ಬೇಗ ಕಾಯಿತು. ಸುಳ್ಳು ಯಾಕೆ ಹೇಳಲಿ?)

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸೊಸೆ ಶೈಲಾ ಡಿಟಿಪಿ ಅಂಗಡಿ ಇಟ್ಟಿದ್ದಾಳೆ. ಲಗ್ನಪತ್ರಿಕೆ, ಕರಪತ್ರ, ವಾರವಾರ ನೀವು ಓದುವ ಈ ಅಂಕಣ, ಎಲ್ಲ ಟೈಪ್ ಆಗುವುದು ಅಲ್ಲೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಾತು ನನ್ನದು, ಕಾಗುಣಿತ ಅವಳದು.

ಹೋದ ವಾರ ಶಿವಮೊಗ್ಗದಿಂದ ರಿಪೇರಿಯವರು ಬಂದಿದ್ದರು. ಯಂತ್ರದ ಬೆನ್ನು ಬಿಚ್ಚಿ, ಧೂಳು ಊದಿ, ಸುದ್ದಿ ಹೇಳಿದರು. ಇದರ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಸಪೋರ್ಟ್ ಇಲ್ಲವಂತೆ. ಮಾಡಿದವರೇ ಕೈಬಿಟ್ಟರಂತೆ. ಎರಡು ಸಾವಿರ ಇಸವಿ ಬರುವುದರೊಳಗೆ ಹೊಸದು ಕೊಂಡುಬಿಡಿ ಎಂದರು.

ಆಪರೇಟಿಂಗ್ ಸಿಸ್ಟಮ್ ಅಂದರೇನೇ ಎಂದು ಶೈಲಾಳನ್ನು ಕೇಳಿದೆ. ಯಂತ್ರದೊಳಗಿನ ಯಜಮಾನಿ ಎಂದಳು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲ ಅದರ ಅಪ್ಪಣೆಯಂತೆ. ಸರಿ, ಯಜಮಾನಿಗೆ ವಯಸ್ಸಾಯಿತು. ಅದಕ್ಕೆ ಮನೆಯನ್ನೇ ಕೆಡವಬೇಕೆ?

"ಇವತ್ತು ನಡೀತೈತಲ್ಲಪ್ಪ?" ಎಂದೆ.

"ನಡೀತೈತ್ರೀ ಅಮ್ಮಾರೆ. ನಾಳೆ ಕೆಟ್ರೆ ಕೇಳೋರಿರಲ್ಲ, ಅಷ್ಟೇ."

ಅವರು ತೋರಿಸಲೆಂದು ಹೊಸ ಯಂತ್ರವನ್ನೂ ತಂದಿದ್ದರು. ಶೈಲಾ ಫ್ಲಾಪಿ ಹಾಕಿ ನಮ್ಮ ಬರಹವನ್ನು ಅದರಲ್ಲಿ ತೆರೆದಳು. ಪರದೆ ತುಂಬ ಕಾಗೆ ಕಾಲು. ಹಳೆಯದರ ಕನ್ನಡ ಅಕ್ಷರ ಹೊಸದಕ್ಕೆ ತಿಳಿಯುವುದಿಲ್ಲವಂತೆ.

ಆ ಬರಹ ಏನೆಂದು ಹೇಳಬೇಕಲ್ಲ. ನಾನೂ ನನ್ನ ಅಕ್ಕ ಗೌರಕ್ಕನೂ ಆಡಿ ಬೆಳೆದ ಗದ್ದೆಗಳು ಈಗ ಅಂಬ್ಲಿಗೊಳದ ಅಣೆಕಟ್ಟೆಯ ನೀರಿನ ಕೆಳಗಿವೆ. ಪಹಣಿಯಲ್ಲಿ ಅವಕ್ಕೆ ಸರ್ವೆ ನಂಬರು ಮಾತ್ರ. ಹೆಸರಿದ್ದದ್ದು ನಮ್ಮ ಬಾಯಲ್ಲಿ. ಬಾಣಂತಿ ಗದ್ದೆ, ಜಗಳದ ಮಡಿ, ಕುಂಟೆತ್ತಿನ ಗದ್ದೆ. ಸೊರಬಕ್ಕೆ ಮದುವೆಯಾಗಿ ಹೋದ ಅಕ್ಕ ಎರಡು ಬೇಸಿಗೆ ನಮ್ಮಲ್ಲಿಗೆ ಬಂದು, ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತು, ಒಂದೊಂದೇ ಗದ್ದೆ ದಾಟುತ್ತ ಹೇಳಿದಳು. ಶೈಲಾ ಆ ಮೂರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ಇಲ್ಲಿ ಕಾಲ್ ಜಾರ್ತದೆ, ಮೆಲ್ಲಗೆ ಬಾ" ಎನ್ನುವಳು ಅಕ್ಕ, ಒಣ ಜಗುಲಿಯಲ್ಲಿ ಕೂತುಕೊಂಡು. ನಾನೂ ಕಾಲು ಎಳೆದುಕೊಳ್ಳುತ್ತಿದ್ದೆ. ತಲೆಯ ಮೇಲೆ ನೀರು, ನೀರಿನ ಮೇಲೆ ಬಿಸಿಲು. ಕೆಳಗೆ ಹಸಿರು ಬೆಳಕಿನಲ್ಲಿ ನಾವಿಬ್ಬರೂ ಲಂಗ ಎತ್ತಿ ಹಿಡಿದು ಬದುವಿನ ಮೇಲೆ ಹೋಗುತ್ತಿದ್ದೇವೆ. ಮೀನುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿವೆ. ಯಾರೋ ಊಟಕ್ಕೆ ಕೂಗುತ್ತಿದ್ದಾರೆ, ದನಿ ಗುಳ್ಳೆಗುಳ್ಳೆಯಾಗಿ ಮೇಲೇರುತ್ತಿದೆ. (ನಾನು ಕನಸು ಕಾಣುವ ಪೈಕಿ ಅಲ್ಲ. ಆದರೂ ಕಂಡದ್ದು ಕಂಡೆ.)

ಈಗ ಅಕ್ಕನಿಗೆ ಲಕ್ವ ಹೊಡೆದಿದೆ. ಮಾತು ನಿಂತಿದೆ. ನನಗೆ ಅರ್ಧ ಹೆಸರೂ ನೆನಪಿಲ್ಲ. ಎಲ್ಲ ಇರುವುದು ಆ ಮುದಿ ಯಂತ್ರದೊಳಗೆ.

ಹಳೆಯದನ್ನು ಕೊಟ್ಟರೆ ಹೊಸದಕ್ಕೆ ಬೆಲೆ ಇಳಿಸುತ್ತೇವೆ ಎಂದರು ರಿಪೇರಿಯವರು. ಶೈಲಾ ನನ್ನ ಮುಖ ನೋಡಿದಳು. ಕೊಡುವುದು ಬೇಡ, ಬಟ್ಟೆ ಮುಚ್ಚಿ ಜೋಪಾನವಾಗಿ ಇಟ್ಟುಕೊಳ್ಳೋಣ ಎಂದಳು. ಇಟ್ಟುಕೊಂಡು? ಆಯುಧಪೂಜೆಗೆ ಕುಂಕುಮ ಹಚ್ಚುವುದೆ?

ನಮ್ಮ ಕಾಲದಲ್ಲಿ ಬಿತ್ತನೆ ಭತ್ತವನ್ನು ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ಒಂದು ಪಾಲು ಬೀಗರ ಮನೆಗೆ ಹೋಗುತ್ತಿತ್ತು. ನಮ್ಮದಕ್ಕೆ ಹುಳ ಬಿದ್ದರೆ ಅವರನ್ನು ಕೇಳುವುದು, ಅವರದಕ್ಕೆ ಬಿದ್ದರೆ ನಮ್ಮನ್ನು. ಕಣಜ ಗಟ್ಟಿಯಿದೆ ಎಂದು ನಂಬಿ ಕೂತವರು ಯಾರೂ ಇರಲಿಲ್ಲ.

"ಈ ಹಳೇ ಯಂತ್ರ ಇನ್ನೂ ಮಾತಾಡ್ತೈತಲ್ಲೇ, ನಿಲ್ಲೋದ್ರೊಳಗೆ ಎಲ್ಲಾ ಹೇಳಿಸ್ಕೋ" ಎಂದೆ. "ನಮ್ಮಕ್ಕನ ವಿಷ್ಯದಾಗೆ ಅದೊಂದೇ ನಾವು ಸರಿಯಾಗಿ ಮಾಡಿದ್ದು."

ಶೈಲಾ ಪ್ರಿಂಟರಿಗೆ ಹಾಳೆ ಹಾಕಿದಳು.

ಮಧ್ಯಾಹ್ನವೆಲ್ಲ ಅದು ಕಿರಗುಟ್ಟಿತು. ಮೂರು ಪ್ರತಿ. ಒಂದು ಅಂಗಡಿಯಲ್ಲಿ, ಹೊಸ ಯಂತ್ರ ಬಂದ ಮೇಲೆ ನೋಡಿ ಟೈಪ್ ಮಾಡಲು. ಒಂದು ತಾಳಗುಂದದಲ್ಲಿರುವ ಮಗಳ ಮನೆಗೆ, ಇನ್ನೊಂದು ಸೊರಬಕ್ಕೆ. ಕಾಗದಕ್ಕೆ ಗೆದ್ದಲು ಹಿಡಿಯದೇ? ಹಿಡಿಯುತ್ತದೆ. ಮೂರೂ ಮನೆಯಲ್ಲಿ ಒಂದೇ ದಿನ ಹಿಡಿಯುವುದಿಲ್ಲ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಸೊರಬಕ್ಕೆ ಹೋದೆ. ಅಕ್ಕನ ಮಂಚದ ಪಕ್ಕ ಕೂತು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಸ್ವಾಧೀನವಿರುವ ಎಡಗೈಯ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ನಡೆಯತೊಡಗಿತು. ಜಗಳದ ಮಡಿ ದಾಟಿ ಕುಂಟೆತ್ತಿನ ಗದ್ದೆ ಎಂದೆ. ಬೆರಳು ನಿಂತಿತು. ಅಲ್ಲ ಎಂದು ತಲೆ ಆಡಿಸಿದಳು. ಸೊಟ್ಟಗಾದ ಬಾಯಲ್ಲಿ ಬಹಳ ಹೊತ್ತು ಹೆಣಗಿ ಒಂದು ಮಾತು ಹೊರಡಿಸಿದಳು.

"ಕೆಂಪಿ."

ಕೆಂಪಿ ಮಡಿ. ಅವೆರಡರ ನಡುವಿನ ಗದ್ದೆ. ಎರಡು ಬೇಸಿಗೆಯಲ್ಲೂ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಪೆನ್ನು ತೆಗೆದು ಎರಡು ಸಾಲಿನ ಸಂದಿಯಲ್ಲಿ ಬರೆದುಕೊಂಡೆ.