ಕಣದ ಹೊರಗಿನ ಬಂಡಿ

ಗೆಳೆಯ ಏನು ಹೇಳಿದರೂ ಅದರ ವಿರುದ್ಧ ಮಾತಾಡುವುದು ನನ್ನ ಕೆಲಸವಾಗಿತ್ತು. ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕು ಎಂಬ ವಿಷಯದ ಮೇಲೆ ಕಾಲೇಜಿನ ಚರ್ಚೆಗಳಲ್ಲಿ ಎರಡೂ ಪಕ್ಷ ಹಿಡಿದು ಗೆದ್ದವನು ನಾನು. ನವಿ ಪೇಠದ ಬಟ್ಟೆ ವ್ಯಾಪಾರಿಯ ಮಗನಾದ ಅವನು, ಜೋಳ ಹೊಲದಿಂದ ತಾಟಿಗೆ ಬರುವ ತನಕದ ಒಂದು ಪುಟ್ಟ ಚಿತ್ರ ತೆಗೆಯಲು ಹೊರಟಾಗ ನನ್ನನ್ನು ಕರೆದದ್ದು ಅದಕ್ಕೇ.

“ಏನೇನು ಕೆಡತೈತಿ, ಇಲ್ಲೇ ಹೇಳಿಬಿಡು. ಅಲ್ಲಿ ಹೋಗಿ ಹೇಳಬ್ಯಾಡ.”

ಬಾಕಿ ಇದ್ದದ್ದು ರಾಶಿಯನ್ನು ಗಾಳಿಗೆ ತೂರುವ ದೃಶ್ಯ, ಮತ್ತು ಒಂದೇ ಒಂದು ಫಿಲಂ ಸುರುಳಿ. ಕ್ಯಾಮೆರಾ ಫೋಟೋ ಸ್ಟುಡಿಯೋದವರದು, ಮರುದಿನ ವಾಪಸು ಕೊಡಬೇಕು. ಅಕ್ಕಲಕೋಟೆಯ ಹತ್ತಿರ ನನ್ನ ಕಾಕಾನ ಕಣದಲ್ಲಿ ಆ ವರ್ಷದ ಕೊನೆಯ ರಾಶಿ ತೂರದೆ ಉಳಿದಿತ್ತು. ಇದು ತಪ್ಪಿದರೆ ಅವನ ಚಿತ್ರದ ನಡುವೆ ದೊಡ್ಡ ತೂತು.

ಬಸ್ಸಿನುದ್ದಕ್ಕೂ ಕಾಡಿದೆ. ಗಾಳಿ ಬೀಳದಿದ್ದರೆ? ಊರ ಮಂದಿ ಕ್ಯಾಮೆರಾ ಕಡೆಗೇ ನೋಡುತ್ತ ನಿಂತರೆ? ಹೊಟ್ಟು ಹಾರಿ ಗಾಜಿಗೆ ಬಡಿದರೆ? ಪ್ರತಿಯೊಂದಕ್ಕೂ ಒಂದು ಉಪಾಯ ಹುಡುಕಿದೆವು. ಒಂದು ಮಾತ್ರ ನನಗೂ ಹೊಳೆದಿರಲಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಕಣದೊಳಗೆ ಕಾಲಿಡುವಷ್ಟರಲ್ಲಿ ಕಾಕಾ ಕ್ಯಾಮೆರಾ ಹಿಡಿದಿದ್ದ ಗೆಳೆಯನಿಗೆ ಕೈ ಅಡ್ಡ ಹಿಡಿದರು.

“ಅದರ ಮೈಗೆ ಸುತ್ತಿದ್ದು ಏನು, ತೊಗಲೇನು?”

“ಹೌದ್ರಿ.”

“ಹಂಗಾರ ಹೊರಗ ಇಡ್ರಿ. ಕೆರವಿಗೊಂದು ನ್ಯಾಯ, ಡಬ್ಬಿಗೊಂದು ನ್ಯಾಯ ಏನು?”

ನನಗೆ ಮೈಯೆಲ್ಲ ಉರಿಯಿತು. “ಕಾಕಾ, ಎತ್ತಿನ ಕಡಿಂದ ತೆನಿ ತುಳಸುವಾಗ ನಿಮ್ಮ ಕೈಯಾಗಿನ ಬಾರಕೋಲು ಯಾತರದ್ರಿ? ತೊಗಲ ಅಲ್ಲೇನು?”

“ಆಗ ತೆನಿ ಇತ್ತಲೇ. ಈಗ ರಾಶಿ ಆಗೇತಿ, ಪೂಜಿ ಆಗೇತಿ.”

“ತೆನ್ಯಾಗಿದ್ದದ್ದೂ ಇದೇ ಜ್ವಾಳ ಅಲ್ಲೇನ್ರಿ?”

“ನಿಮ್ಮವ್ವನ ಹೊಟ್ಯಾಗಿದ್ದಾಗ ನೀನೂ ನೀನೇ ಇದ್ದಿ. ಆಗ ನಿನಗ ಹೆಸರಿಟ್ಟಿದ್ದಿವೇನು?”

ಮೊರ ಹಿಡಿದು ಕುಳಿತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಇದಕ್ಕೂ ನನ್ನ ಬಳಿ ಉತ್ತರವಿತ್ತು. ಆದರೆ ಜಾಲಿಗಿಡದ ಟೊಂಗೆ ಅಲುಗಿತು; ಪಡುವಲ ಗಾಳಿ ಎದ್ದಿತ್ತು. ಗೆಳೆಯ ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಆ ಗಿಡವನ್ನೇ ನೋಡುತ್ತಿದ್ದ. ಈ ವಾದ ಗೆದ್ದರೆ ಅವನಿಗೇನು ಸಿಗುತ್ತದೆ? ಗಾಳಿ ಬೇಕಿತ್ತು, ಅದು ಈಗ ಬಂದಿದೆ. ನಂಬಿಕೆಯ ತಂಟೆ ಬಿಟ್ಟು ಅದರ ಗಡಿ ಕೇಳಿದೆ.

“ಕಣ ಎಲ್ಲಿಗೆ ಮುಗೀತೈತ್ರಿ?”

“ಸಗಣಿ ಸಾರಿಸಿದ್ದು ಎಲ್ಲಿಗೆ ಮುಗೀತೈತಿ, ಅಲ್ಲಿಗೆ. ಆಚಿ ಕಡಿ ನಿನ್ನ ರಾಜ್ಯ ಬಾಬಾ! ಕರ್ನಾಟಕರೆ ಮಾಡು, ಮಹಾರಾಷ್ಟ್ರರೆ ಮಾಡು.”

ಹೊರಗೆ ನೆಲದ ಮೇಲೆ ನಿಂತರೆ ರಾಶಿಯೇ ಅಡ್ಡ, ಕಾಳು ಬೀಳುವುದು ಕಾಣದು. ಎತ್ತರ ಬೇಕು. ಬಂಡಿಯನ್ನು ಸಾರಣೆಯ ಅಂಚಿಗೆ, ಹೊಟ್ಟು ಹಾರುವ ದಿಕ್ಕು ತಪ್ಪಿಸಿ ತಂದು ನಿಲ್ಲಿಸಿದೆವು. ಎತ್ತು ಸುಮ್ಮನೆ ನಿಲ್ಲುವುದಿಲ್ಲ, ಬಿಚ್ಚಿದೆವು. ಬಿಚ್ಚಿದ ಬಂಡಿಯ ನೊಗ ನೆಲಕ್ಕೆ ಬಾಗುತ್ತದೆ, ಕೆಳಗೆ ಕಣಿಕೆ ದಂಟಿನ ಸಿವುಡು ಪೇರಿಸಿದೆವು. ಆದರೆ ಗೆಳೆಯ ಕ್ಯಾಮೆರಾ ಹಿಡಿದು ಬಂಡಿಯ ಹಿಂದುಗಡೆ ನಿಂತರೆ ಮುಂದುಗಡೆ ಮೇಲೇಳುತ್ತದೆ. ಅದಕ್ಕೆ ನಾನು ನೊಗದ ಮೇಲೆ ಕುಳಿತೆ, ಕಣಕ್ಕೆ ಬೆನ್ನು ಮಾಡಿ.

ಕಾಕಾ ಎತ್ತರದ ಮಣೆ ಏರಿ ತೂರತೊಡಗಿದರು. ಕಾಳು ಸುರಿಯುವ ಸದ್ದು, ಕ್ಯಾಮೆರಾದ ಸ್ಪ್ರಿಂಗು ತಿರುಗುವ ಗರಗರ. ನನಗೆ ಕಾಣುತ್ತಿದ್ದದ್ದು ಬರೀ ಬಯಲು. ತಿರುಗಿದರೆ ಬಂಡಿ ಅಲುಗುತ್ತದೆ, ಬಂಡಿ ಅಲುಗಿದರೆ ಚಿತ್ರ ಅಲುಗುತ್ತದೆ.

“ಏನೋ ವಕೀಲಾ! ಬಾರಕೋಲಿನ ಮಾತು ಅಷ್ಟಕ್ಕ ಮುಗೀತೇನು?” ಕಾಕಾ ಮೇಲಿನಿಂದ ಕೂಗಿದರು. “ನಾಲಿಗಿ ಎಲ್ಲಿ ಹೋತು?”

ಹೆಂಗಸರು ಮತ್ತೆ ನಕ್ಕರು. ಹಲ್ಲು ಕಚ್ಚಿದೆ. ಎರಡೂ ಕೈಯಿಂದ ನೊಗ ಬಿಗಿಯಾಗಿ ಹಿಡಿದೆ. ಸ್ಪ್ರಿಂಗು ನಿಂತಿತು, ಅವನು ಮತ್ತೆ ಕೀಲಿ ಕೊಟ್ಟ, ಮತ್ತೆ ಗರಗರ. ಸುರುಳಿ ಮುಗಿಯುವ ತನಕ ಉಸಿರನ್ನೂ ಜೋರಾಗಿ ಬಿಡಲಿಲ್ಲ.

ಮುಂಬಯಿಯಲ್ಲಿ ತೊಳೆಸಿ ತಂದ ಫಿಲಮನ್ನು ಅವನ ಮನೆಯ ಗೋಡೆಯ ಮೇಲೆ ನೋಡಿದೆವು. ಹೊಟ್ಟು ಓರೆಯಾಗಿ ಹಾರುತ್ತಿತ್ತು, ಜೋಳ ನೆಟ್ಟಗೆ ಇಳಿಯುತ್ತಿತ್ತು. ಒಂದು ಕಡೆ ಕಾಕಾ ಬಂಡಿಯ ಕಡೆ ತಿರುಗಿ ಏನೋ ಕೂಗುತ್ತಾರೆ. ಆಗಲೂ ಚಿತ್ರ ಅಲುಗಿಲ್ಲ.

“ನೋಡಲೇ,” ಅಂದ ಗೆಳೆಯ, “ನೀ ಸುಮ್ಮನ ಕುಂತದ್ದು ಹೆಂಗ ಚಂದ ಕಾಣಾಕತ್ತೈತಿ.”