ಐದೂ ಡ್ರಾಪ್ ಮಾಡೀನಿ

ನನ್ನ ಜನ್ಮದಲ್ಲಿ ಅಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬಲಿಕ್ಕಿಲ್ಲ.

ಮೊಮ್ಮಗಳು ಮ್ಯಾನ್‌ಹಟನ್ನಿನ ಕಾಲೇಜು ರೂಮು ಖಾಲಿ ಮಾಡಿಕೊಂಡು ಮೇ ತಿಂಗಳ ನಡುವೆ ಹ್ಯಾರಿಸನ್ನಿನ ನಮ್ಮ ಮನೆಗೆ ಬಂದಳು. ನಮ್ಮ ಮನೆ ಎಂದರೆ ಮಗಳು ಅಳಿಯನ ಅಪಾರ್ಟ್‌ಮೆಂಟು. ಅದರಲ್ಲಿ ನನಗೂ ಒಂದು ಕೋಣೆ ಇದೆ. ಎರಡು ಸೂಟ್‌ಕೇಸು, ಕರಿ ಪ್ಲಾಸ್ಟಿಕ್ ಚೀಲದ ತುಂಬ ಒಗೆಯದ ಬಟ್ಟೆ, ಒಣಗಿದ ಗಿಡದ ಒಂದು ಕುಂಡ, ಇಷ್ಟು ಅವಳ ಸಾಮಾನು. ಬಾಗಿಲಲ್ಲೇ ತಬ್ಬಿಕೊಂಡೆ. ಬೆನ್ನಿನ ಎಲುಬು ಕೈಗೆ ಸಿಕ್ಕವು. ಮೂರು ವರ್ಷ ಹೊರಗಿನ ಊಟ, ಇನ್ನೇನಾದೀತು ಎಂದುಕೊಂಡೆ. ಒಂದು ಬೇಸಿಗೆಯಲ್ಲಿ ತಿನ್ನಿಸಿ ತಿನ್ನಿಸಿ ಸರಿ ಮಾಡುತ್ತೇನೆ ಎಂದು ಒಳಗೊಳಗೇ ಹಿಗ್ಗಿದೆ.

ಬಂದ ಮರುವಾರವೇ ಇಂಟರ್ನ್‌ಶಿಪ್ ಶುರು ಎಂದಳು. ರಜೆಯಲ್ಲಿ ಓದುವ ಹುಡುಗರು ಆಫೀಸಿಗೆ ಹೋಗಿ ಕೆಲಸ ಕಲಿಯುವುದಂತೆ. ಅದು ಸಿಗದಿದ್ದರೆ ಓದಿದ್ದೇ ದಂಡ ಎನ್ನುವ ಹಾಗೆ ಇಲ್ಲಿಯವರು ಮಾತಾಡುತ್ತಾರೆ. ಅಳಿಯಂದಿರಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಏಳಕ್ಕೆ ಮಗಳು ಕಾರು ತೆಗೆದುಕೊಂಡು ಆಸ್ಪತ್ರೆಯ ಲ್ಯಾಬಿಗೆ ಹೋದ ಮೇಲೆ, ಏಳೂ ಮುಕ್ಕಾಲಿಗೆ ತಂದೆ ಮಗಳು ಜೋಡಿಯಾಗಿ ಟ್ರೇನಿಗೆ ನಡೆಯುವರು. ಇಬ್ಬರ ಬೆನ್ನಿಗೂ ಒಂದೊಂದು ಚೀಲ, ಇಬ್ಬರದೂ ಒಂದೇ ನಡಿಗೆ. ಅವರು ತಿರುವಿನಲ್ಲಿ ಮರೆಯಾಗುವ ತನಕ ನಾನು ಕಿಟಕಿಯಲ್ಲಿ ನಿಂತಿರುತ್ತಿದ್ದೆ.

ಮೂರನೆಯ ದಿನ ಒಂಬತ್ತೂವರೆಗೆ ಬಾಗಿಲ ಬೀಗ ತಿರುಗಿದ ಸಪ್ಪಳವಾಯಿತು. ನೋಡಿದರೆ ಅವಳೇ.

"ಯಾಕ ತಂಗಿ, ಏನರೆ ಮರತು ಹೋದೇನು?"

"ಏನಿಲ್ಲ ಅಜ್ಜಿ. ವರ್ಕ್ ಫ್ರಮ್ ಹೋಮ್." ಶೂ ಬಿಚ್ಚುತ್ತ ನೆಲಕ್ಕೇ ಮಾತಾಡಿದಳು. "ಅಮ್ಮಗ, ಅಪ್ಪಗ ಹೇಳಬ್ಯಾಡ, ಓಕೆ? ದೆ ವಿಲ್ ಥಿಂಕ್ ಐಯಾಮ್ ಲೇಝಿ."

ನನಗೆ ಸಂಶಯ ಬರಲಿಲ್ಲ. ಇಲ್ಲಿ ಎಷ್ಟೋ ಜನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾರೆ ಎಂದು ಕೇಳಿದ್ದೆ. ನಿಜ ಹೇಳಬೇಕೆಂದರೆ, ಸಂಶಯ ಬರಲಿಕ್ಕೆ ನಾನು ಜಾಗವನ್ನೇ ಕೊಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಒಬ್ಬಳೇ ಇದ್ದು, ಫ್ರಿಜ್ಜಿನ ಗುಂಯ್‌ಗುಟ್ಟುವ ಸದ್ದಿಗೆ ಉತ್ತರ ಕೊಡುವ ಮಟ್ಟಕ್ಕೆ ಬಂದವಳು ನಾನು. ಈಗ ದಿನವಿಡೀ ಮೊಮ್ಮಗಳು! ಇಪ್ಪತ್ತು ವರ್ಷದ ಹುಡುಗಿ, ನನ್ನ ಹಾಸಿಗೆಯಲ್ಲಿ, ನನ್ನ ಕೌದಿ ಹೊದ್ದು!

ಬಂದವಳೇ ಮಲಗುವಳು. ಹೊರಗೆ ಬೇಸಿಗೆಯ ಬಿಸಿಲು ಬಿದ್ದಿದ್ದರೂ ಪರದೆ ಎಳೆದು, ಟೊಪ್ಪಿಗೆಯಿದ್ದ ಬೂದಿ ಬಣ್ಣದ ದಪ್ಪ ಅಂಗಿ ತೊಟ್ಟುಕೊಂಡೇ ಮಲಗುವಳು. ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ. ಮಧ್ಯಾಹ್ನ ಎಬ್ಬಿಸಿ ರೊಟ್ಟಿ ಬಡಿಯಲು ಕಲಿಸಿದೆ. ಅವಳು ಬಡಿದ ರೊಟ್ಟಿಗಳು ಭೂಪಟದ ಹಾಗೆ ಬರುತ್ತಿದ್ದವು. "ಇದು ಆಫ್ರಿಕಾ ಅಜ್ಜಿ, ನೀ ತಿನ್ನು," ಎಂದು ನನ್ನ ತಟ್ಟೆಗೆ ಹಾಕುವಳು. ತಾನು ಚೂರು ಮುರಿದು ತಟ್ಟೆಯ ಅಂಚಿಗೆ ಒತ್ತಿಡುವಳು. ನನ್ನ ಉಗುರಿಗೆ ನೇರಳೆ ಬಣ್ಣ ಬಳಿದಳು. ಮಗಳು ಕೇಳಿದರೆ ಏನು ಹೇಳಲಿ ಎಂದು ಎರಡು ದಿನ ಕೈ ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಾಡಿದೆ.

ಊಟವಾದ ಮೇಲೆ ಚೌಕಾಬಾರ. ಪಾರ್ಸಲ್ ಬಂದ ರಟ್ಟಿನ ಡಬ್ಬಿ ಹರಿದು ಐದೈದರ ಮನೆ ಗೀಚಿದೆವು. ಕವಡೆ ಇಲ್ಲಿ ಎಲ್ಲಿ ಸಿಗಬೇಕು? ಪಿಸ್ತಾದ ಸಿಪ್ಪೆಯನ್ನು ಕವಡೆ ಮಾಡಿದಳು. ಕವುಚಿಯೂ ಬೀಳುತ್ತವೆ, ಅಂಗಾತವೂ ಬೀಳುತ್ತವೆ, ಥೇಟ್ ಕವಡೆ! ಮೊದಲ ಸಲ ಅವಳ ಕಾಯಿ ಹೊಡೆದಾಗ ಕೇಳಿದಳು, "ಸತ್ತದ್ದು ಎಲ್ಲಿ ಹೋಗ್ತದ?"

"ಮನಿಗೆ ಬರ್ತದ. ಮತ್ತ ಮೊದಲಿಂದ ಹೊಂಡಬೇಕು."

"ಎಲ್ಲಾರ ಮುಂದ? ಸೋ ಹ್ಯುಮಿಲಿಯೇಟಿಂಗ್," ಎಂದಳು. ನನಗೆ ಆ ಮಾತು ತಿಳಿಯಲಿಲ್ಲ, ನಕ್ಕೆ.

ಸಂಜೆ ಐದಕ್ಕೆ ಮಾತ್ರ ಬೇರೆಯೇ ಹುಡುಗಿ. ಮುಖ ತೊಳೆದು, ತಲೆ ಬಾಚಿ, ಆಫೀಸಿನ ಪ್ಯಾಂಟು ಹಾಕಿ, ಚೀಲ ಬೆನ್ನಿಗೇರಿಸಿ ಮತ್ತೆ ಸ್ಟೇಷನ್ನಿಗೆ ಹೋಗುವಳು. ಅಲ್ಲಿ ಬೆಂಚಿನ ಮೇಲೆ ಕೂತು, ತಂದೆಯ ಟ್ರೇನು ಬಂದ ಮೇಲೆ ಅವರ ಜೊತೆಗೇ ಒಳಗೆ ಬರುವಳು. "ಹ್ಯಾಂಗಾತು ಆಫೀಸು?" ಎಂದು ಮಗಳು ಕೇಳುವಳು. "ಗುಡ್. ಬಿಝಿ." ನಾನು ಚೀಲ ಇಸಿದುಕೊಳ್ಳುತ್ತಿದ್ದೆ. ಹಗುರ ಇರುತ್ತಿತ್ತು. ಸ್ನಾನದ ಮನೆಯ ಜಾಲರಿಯಲ್ಲಿ ಅವಳ ಕೂದಲು ಮುಷ್ಟಿ ಮುಷ್ಟಿ ಸಿಗುತ್ತಿತ್ತು. ನಳ ಬಿಟ್ಟುಕೊಂಡು ಅರ್ಧ ತಾಸು ಒಳಗೇ ಇರುತ್ತಿದ್ದಳು. ಇದನ್ನೆಲ್ಲ ಕಣ್ಣು ನೋಡಿತು. ನಾಳೆ ಮತ್ತೆ ಒಂಬತ್ತೂವರೆಗೆ ಬೀಗ ತಿರುಗುತ್ತದಲ್ಲ ಎಂದು ಮನಸ್ಸು ಕುಣಿಯಿತು.

ಈಗ ಡ್ರಾಪ್ ಎನ್ನುವ ಶಬ್ದಕ್ಕೆ ಬರುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷಿನಲ್ಲಿ ನನಗೆ ಬರುವ ನಾಲ್ಕಾರು ಶಬ್ದಗಳಲ್ಲಿ ಡ್ರಾಪ್ ಒಂದು. ಕಾರು ಬಾರದವಳಿಗೆ ಇಲ್ಲಿ ಕಾಲೇ ಇಲ್ಲದ ಹಾಗೆ. ಗುಡಿಗೆ ಡ್ರಾಪ್, ಕಣ್ಣಿನ ಡಾಕ್ಟರಿಗೆ ಡ್ರಾಪ್. "ಅವ್ವಾ, ನಾ ಡ್ರಾಪ್ ಮಾಡ್ತೀನಿ" ಎಂದರೆ ನನಗೆ ಅದು ಅಕ್ಕರೆಯ ಮಾತು.

ಜೂನ್ ತಿಂಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ, ಪಿಸ್ತಾದ ಸಿಪ್ಪೆಗಳನ್ನು ಅಂಗೈಯಲ್ಲಿ ಹಿಡಿದವಳು ಎಸೆಯಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದಳು: "ಅಜ್ಜಿ, ಮಾರ್ಚ್‌ನಾಗ ನಾ ಎಲ್ಲಾ ಡ್ರಾಪ್ ಮಾಡೀನಿ."

"ಎಲ್ಲಾ?"

"ಹೂಂ. ಐದೂ."

"ಐದೂ ಅನಬಾರದವ್ವಾ, ಅವೇನು ದನಾ ಅದಾವೇನು? ಐದೂ ಮಂದೀನ್ನ ಅನಬೇಕು."

ಅವಳು ನನ್ನ ಮುಖವನ್ನೇ ನೋಡಿದಳು. ಗೆಳತಿಯರನ್ನು ಅವರವರ ಮನೆಗೆ ಮುಟ್ಟಿಸಿದ ಸಂಗತಿ ಎಂದೇ ನಾನು ತಿಳಿದಿದ್ದೆ. "ಮಾರ್ಚ್ ಅಂದ್ರ ಭಾಳ ಥಂಡಿ ಇತ್ತಲ್ಲ. ಎಲ್ಲಾರ್ನೂ ಬಿಟ್ಟ ಮ್ಯಾಲೆ ಕಡೀಕ ನೀ ಒಬ್ಬಾಕಿನ ಉಳದಿರಬೇಕು?"

"ಹೂಂ ಅಜ್ಜಿ. ಒಬ್ಬಾಕಿನ."

"ಪುಣ್ಯಾ ಬರ್ತದ ನಿನಗ," ಎಂದು ಅವಳ ಗಲ್ಲ ಮುಟ್ಟಿದೆ.

ಆಗ ನಕ್ಕಳು ನೋಡಿ! ಆ ಬೇಸಿಗೆಯಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಸಿಪ್ಪೆಗಳೆಲ್ಲ ಚೆಲ್ಲಾಪಿಲ್ಲಿ. ಕಣ್ಣಿನಿಂದ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಒಳ್ಳೆಯ ಮಾತಿಗೆ ಹುಡುಗಿಯ ಮನಸ್ಸು ಕರಗಿತು ಎಂದುಕೊಂಡೆ. ಅವಳು ಜೀವ ಬಿಗಿಹಿಡಿದು ಒಂದು ಮಾತು ಹೇಳಿದ್ದಳು, ನಾನು ಅದರ ವ್ಯಾಕರಣ ತಿದ್ದಿದ್ದೆ.

ಅದೇ ಭಾನುವಾರ ಹಿಕ್ಸ್‌ವಿಲ್‌ನಿಂದ ಅಳಿಯಂದಿರ ಹಳೆಯ ಸ್ನೇಹಿತರು ಹೆಂಡತಿಯೊಂದಿಗೆ ಊಟಕ್ಕೆ ಬಂದರು. ನಮ್ಮ ಕಡೆಯವರೇ. ನಾನು ಸಿಹಿಗೆ ಮಾದಲಿ ಮಾಡಿದ್ದೆ. ಸ್ನೇಹಿತರ ಹೆಂಡತಿ ಬಂದಾಗಿನಿಂದ ತಮ್ಮ ಮಗ ಬ್ಯಾಂಕಿನಲ್ಲಿ ಇಂಟರ್ನ್ ಆದದ್ದು, ಅವನಿಗೆ ಕೊಟ್ಟ ಕುರ್ಚಿ ಗಿರಗಿರ ತಿರುಗುವುದು, ಎಲ್ಲ ಹೇಳುತ್ತಿದ್ದರು. ಮೊಮ್ಮಗಳು ತಲೆ ಬಗ್ಗಿಸಿ ಅನ್ನ ಕಲೆಸುತ್ತಿದ್ದಳು. ನನ್ನ ಹೊಟ್ಟೆಯಲ್ಲಿದ್ದ ಸಂತೋಷ ಬಾಯಿಗೆ ಬಂತು.

"ಕುರ್ಚಿ ತಿರುಗವಲ್ದ್ಯಾಕ ಬಿಡವಾ. ನಮ್ಮ ಹುಡುಗೀದು ಬಂಗಾರದಂಥಾ ಮನಸ್ಸು. ಮಾರ್ಚ್ ತಿಂಗಳ ಥಂಡ್ಯಾಗ ಎಲ್ಲಾರ್ನೂ ಡ್ರಾಪ್ ಮಾಡ್ಯಾಳ, ಐದಕ್ಕ ಐದೂ ಮಂದೀನ್ನ. ಕಡೀಕ ತಾ ಒಬ್ಬಾಕಿನ ಉಳದಾಳ."

ಅಳಿಯಂದಿರ ಸ್ನೇಹಿತರು ನಕ್ಕರು. "ಮ್ಯಾನ್‌ಹಟನ್‌ನಾಗ ಆಕೀಗೆ ಕಾರ್ ಎಲ್ಲಿಂದ ಬಂತ್ರೀ ಅಮ್ಮಾರ? ಅಲ್ಲೆ ಪಾರ್ಕಿಂಗ್ ಹುಡುಕೂದರಾಗ ಡಿಗ್ರೀನ ಮುಗೀತದ."

ಎಲ್ಲರೂ ನಕ್ಕರು. ಅಳಿಯಂದಿರು ನಗಲಿಲ್ಲ. ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತ್ತು.

"ಅತ್ತಿ, ಆಕಿ ಹ್ಯಾಂಗ ಅಂದ್ಲು? ಮಂದಿ ಅಂದ್ಲೋ, ಬರೇ ಐದೂ ಅಂದ್ಲೋ?"

"ಬರೇ ಐದೂ ಅಂದ್ಲು. ನಾನ ತಿದ್ದಿದೆ," ಎಂದೆ, ಹೆಮ್ಮೆಯಿಂದ.

ಅವರು ಮೊಮ್ಮಗಳ ಕಡೆ ತಿರುಗಿದರು. ದನಿ ಏರಲಿಲ್ಲ. "ಈ ಸೆಮಿಸ್ಟರ್ ನಿನ್ನ ಕೋರ್ಸ್ ಎಷ್ಟಿದ್ದವು?"

"ಫೈವ್," ಎಂದಳು.

ಅತಿಥಿಗಳು ಮಾದಲಿ ತಿನ್ನದೆ ಎದ್ದರು. ಟ್ರಾಫಿಕ್ ಆಗುತ್ತದೆ ಎಂದರು. ಅವರು ಹೋದ ಮೇಲೆ ಒಂದೊಂದೇ ಹೊರಗೆ ಬಂತು. ಐದೂ ಪಾಠಗಳನ್ನು ನಡುವೆಯೇ ಕೈಬಿಟ್ಟಿದ್ದಳು, ಅದಕ್ಕೂ ಇಲ್ಲಿ ಡ್ರಾಪ್ ಎನ್ನುತ್ತಾರಂತೆ. ಮಾರ್ಚ್‌ನಿಂದ ಮೇವರೆಗೆ ಆ ರೂಮಿನಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದಳು. ಇಂಟರ್ನ್‌ಶಿಪ್ ಇರಲೇ ಇಲ್ಲ. ತಂದೆಯ ಜೊತೆ ಇಳಿದು, ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ಮರಳುವ ಟ್ರೇನು ಹಿಡಿಯುತ್ತಿದ್ದಳು.

"ದಿನಾ ನನ್ನ ಬಾಜೂಕ ಕುಂತು ಬಂದೆಲ್ಲ," ಎಂದರು ಅಳಿಯಂದಿರು. "ಒಂದು ಮಾತು?"

"ಐ ವಾಂಟೆಡ್ ಟು, ಅಪ್ಪಾ. ಪ್ರತೀ ಸ್ಟೇಷನ್‌ಗೆ. ಎವ್ರಿ ಸಿಂಗಲ್ ಸ್ಟೇಷನ್."

ಮಗಳು ನನ್ನ ಕಡೆ ತಿರುಗಿದಳು. "ಅವ್ವಾ, ಆಕಿ ದಿನಾ ಮನ್ಯಾಗ ಇದ್ದದ್ದು ನಿನಗ ಗೊತ್ತಿತ್ತು! ನನಗೊಂದು ಮಾತು ಹೇಳಬಾರದಿತ್ತ? ಖುಷೀಲೆ ಚೌಕಾಬಾರ ಆಡಿದಿ!"

ಖುಷಿಯಿಂದಲೇ ಆಡಿದ್ದೆ. ಮೊಮ್ಮಗಳು ನನ್ನನ್ನು ನೋಡಿ ಒಂದೇ ಮಾತು ಹೇಳಿದಳು, "ಯು ಟೋಲ್ಡ್ ದೆಮ್." ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಂಟು ದಿನ ನನ್ನೊಂದಿಗೆ ಮಾತಿಲ್ಲ. ನನ್ನ ಹಾಸಿಗೆಗೆ ಬರಲಿಲ್ಲ. ಬಾಗಿಲ ಹೊರಗೆ ತಟ್ಟೆ ಇಡುತ್ತಿದ್ದೆ, ಹಾಗೇ ತಣ್ಣಗಾಗಿ ಇರುತ್ತಿತ್ತು. ಮಗಳು ರಜೆ ಹಾಕಿ ಮನೆಯಲ್ಲಿ ಕೂತಳು. ತಾಸಿಗೊಮ್ಮೆ ಯಾವುದೋ ನೆವ ಮಾಡಿ ಆ ಬಾಗಿಲು ತಟ್ಟುವಳು. ಒಳಗಿನಿಂದ "ಐಯಾಮ್ ಹಿಯರ್" ಎಂದು ಬಂದರೆ ಸಾಕು, ಗೋಡೆಗೆ ಒರಗಿ ಉಸಿರು ಬಿಡುವಳು. ಮಗಳು ಯಾವುದಕ್ಕೆ ಹೆದರಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಅಷ್ಟು ದಿನ ಆ ಹುಡುಗಿಯ ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ. ನಾನು ರೊಟ್ಟಿ ಎಣಿಸುತ್ತ, ಉಗುರಿನ ಬಣ್ಣ ನೋಡಿಕೊಳ್ಳುತ್ತ ಇದ್ದೆ. ನೇರಳೆ ಬಣ್ಣ ತೆಗೆಯುವುದು ಹೇಗೆಂದು ಗೊತ್ತಿಲ್ಲದೆ ಚಾಕುವಿನಿಂದ ಕೆರೆದೆ.

ಅಳಿಯಂದಿರು ಮ್ಯಾನ್‌ಹಟನ್ನಿನಲ್ಲಿ ಮನಸ್ಸಿನ ಡಾಕ್ಟರರೊಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಹೊರಡುವ ಬೆಳಿಗ್ಗೆ ಅವಳು ಹಟ ಹಿಡಿದಳು: ಅಪ್ಪನೂ ಬೇಡ, ಅಮ್ಮನೂ ಬೇಡ, ಕಾರಿನಲ್ಲಿ ಅವರ ಮುಖ ನೋಡಲಿಕ್ಕೆ ಆಗುವುದಿಲ್ಲ. ಹಾಗಾದರೆ ಯಾರು? ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ನೀ ಡ್ರಾಪ್ ಮಾಡು."

"ಅವ್ವಗ ಇಂಗ್ಲಿಷ್ ಬೋರ್ಡ್ ಓದಲಿಕ್ಕ ಬರೂದಿಲ್ಲ!" ಎಂದಳು ಮಗಳು.

"ನನಗ ಬರ್ತದ," ಎಂದಳು ಮೊಮ್ಮಗಳು.

ಡ್ರಾಪ್ ಮಾಡಲಿಕ್ಕೆ ನನ್ನ ಹತ್ತಿರ ಎರಡು ಕಾಲು ಬಿಟ್ಟರೆ ಏನಿದೆ? ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟೆ. ಟ್ರೇನಿನಲ್ಲಿ ಅವಳು ಕಂಬ ಹಿಡಿದು ನಿಂತಳು, ನಾನು ಅವಳ ಚೀಲದ ಪಟ್ಟಿ ಹಿಡಿದು ಕೂತೆ. ಡಾಕ್ಟರರ ಕೋಣೆಯ ಬಾಗಿಲ ತನಕ ಬಿಟ್ಟು, ಹೊರಗಿನ ಕುರ್ಚಿಯಲ್ಲಿ ಕೂತೆ. ಒಳಗೆ ಹೋಗುವ ಮುಂಚೆ ಆ ಬೂದಿ ಅಂಗಿ ಬಿಚ್ಚಿ ನನ್ನ ತೊಡೆಯ ಮೇಲೆ ಹಾಕಿದಳು. ಮುಕ್ಕಾಲು ತಾಸು ಆ ಅಂಗಿಯನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ. ಎದುರಿನ ಗೋಡೆಗೆ ಹಸಿರು ಗುಡ್ಡದ ಚಿತ್ರ ಇತ್ತು. ಅದರಲ್ಲಿ ಒಂದೂ ಮನುಷ್ಯಜೀವ ಇರಲಿಲ್ಲ.

ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಏನು ಹೇಳಿದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗುಳಿಗೆಯ ಚೀಟಿ ಇತ್ತು, ಮುಂದಿನ ವಾರ ಮತ್ತೆ ಬರಬೇಕಿತ್ತು. ಕಾಲೇಜಿನ ಮಾತು ಯಾರೂ ಎತ್ತಿರಲಿಲ್ಲ. ಎರಡು ತಿಂಗಳಾದರೂ ಇವತ್ತಿಗೂ ಎತ್ತಿಲ್ಲ.

ಮರಳುವಾಗ ಸೀಟು ಸಿಕ್ಕಿತು. ಟ್ರೇನು ಸುರಂಗದಿಂದ ಬೆಳಕಿಗೆ ಬಂದದ್ದೇ ಅವಳ ತಲೆ ನನ್ನ ಭುಜಕ್ಕೆ ಬಂತು. ನಿದ್ದೆ. ಪರದೆ ಎಳೆದುಕೊಂಡು ಮಲಗುತ್ತಿದ್ದಾಗ ರೆಪ್ಪೆ ಅದುರುತ್ತಿದ್ದವು, ಈಗ ಅದುರಲಿಲ್ಲ. ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗಿನ ಹಾಗೆ. ಹ್ಯಾರಿಸನ್ ಬಂತು. ಬೋರ್ಡು ಓದಲು ಬಾರದಿದ್ದರೂ ಕೆಂಪು ಇಟ್ಟಿಗೆಯ ನಮ್ಮ ಕಟ್ಟಡ ನನಗೆ ಗೊತ್ತಾಗದೇ ಇದ್ದೀತೇ? ಬಾಗಿಲು ತೆರೆಯಿತು. ನಾನು ಅಲುಗಲಿಲ್ಲ. ಬಾಗಿಲು ಮುಚ್ಚಿತು. ಫೋನು ಅವಳ ಕೈಯಲ್ಲಿ ಗುರ್ ಎಂದಿತು, ಮಗಳದೇ ಇರಬೇಕು. ಕಡೆಯ ಸ್ಟೇಷನ್ನು ನೆವಾರ್ಕ್‌ನಲ್ಲಿ ಎಲ್ಲರೂ ಇಳಿದ ಮೇಲೆ, ಖಾಲಿ ಡಬ್ಬಿಯಲ್ಲಿ ಕಣ್ಣು ಬಿಟ್ಟಳು.

"ಅಜ್ಜಿ! ಎಲ್ಲೆ ಅದೀವಿ? ಯು ಹ್ಯಾಡ್ ಒನ್ ಜಾಬ್! ಡ್ರಾಪ್ ಮಾಡೂದು!"

"ನೀ ಮಲಗಿದ್ದಿ," ಎಂದೆ.

ಹೊರಗೆ ನೋಡಿದಳು, ನನ್ನ ಕೆರೆದ ಉಗುರು ನೋಡಿದಳು. ಮತ್ತೆ ನನ್ನ ಭುಜಕ್ಕೆ ತಲೆ ಇಟ್ಟಳು. ಈ ಟ್ರೇನೇ ತಿರುಗಿ ಹ್ಯಾರಿಸನ್ನಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದಳು. ಅವಳ ಕೈಯಲ್ಲಿ ಮತ್ತೆ ಗುರ್ ಎಂದ ಫೋನನ್ನು ನಾನು ಎತ್ತಿ, ಮಗಳಿಗೆ ಪಿಸುದನಿಯಲ್ಲಿ, "ಇಲ್ಲೇ ಅದಾಳವ್ವಾ, ನನ್ನ ಹಂತ್ಯಾಕ ಅದಾಳ," ಎಂದೆ. ನನ್ನ ಭುಜ ಜೋಮು ಹಿಡಿದಿತ್ತು. ದೇವರ ಮೇಲಾಣೆ, ಆ ಹೊತ್ತಿನಲ್ಲೂ ನನಗೆ ಸುಖವೇ ಆಗುತ್ತಿತ್ತು. ಆದರೆ ಈ ಸಲ ಅವಳ ಉಸಿರಿನ ಕಡೆಯೇ ಕಿವಿ ಇಟ್ಟು ಕೂತಿದ್ದೆ.