ರಸೂಲ್ ಸಾಬರು ‘ಹೂಂ’ ಅಂದ ಸಂಜೆ

ಬೆಳಗಿನ ಐದೂವರೆ. ಜಗಳೂರಿನ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹಾಲಿನವನೂ ಬಂದಿಲ್ಲ. ರಸೂಲ್ ಸಾಬರು ಆಗಲೇ ಜಗಲಿಯ ಮೇಲೆ ಕೂತು, ಎರಡೂ ಪಾದಗಳನ್ನು ತಬಲಕ್ಕೆ ಒತ್ತಿಹಿಡಿದು, ನೆನೆಸಿದ ತೊಗಲಿನ ಬಾರನ್ನು ಜಗ್ಗುತ್ತಿದ್ದಾರೆ. ಕತ್ತಿನ ನರಗಳು ಉಬ್ಬುತ್ತವೆ, ಹಲ್ಲು ಕಚ್ಚುತ್ತಾರೆ. ಬಾರು ಬೆರಳಗಲ ಮುಂದೆ ಬರುತ್ತದೆ, ಅಷ್ಟೇ. ಇಷ್ಟಕ್ಕೆ ಇಷ್ಟೊಂದು ತಿಣುಕಬೇಕೇ ಎಂದು ಕೇಳಿದರೆ ನಗುತ್ತಾರೆ.

“ಬಿಸಿಲೇರಿದ್ರೆ ತೊಗಲು ನಮ್ ಮಾತು ಕೇಳಲ್ರೀ. ತಂಪಿದ್ದಾಗ್ಲೇ ಜಗ್ಗಿಬಿಡಬೇಕು.”

ಅರವತ್ತೊಂದರ ಪ್ರಾಯದ ರಸೂಲ್ ಸಾಬರು ನಲವತ್ತಮೂರು ವರ್ಷಗಳಿಂದ ತಬಲ ಕಟ್ಟುತ್ತಿದ್ದಾರೆ. ಕೆಲಸ ಕಲಿಸಿದ್ದು ತಂದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಭಜನಾ ಮಂಡಳಿಗಳ ತಬಲ ಹರಿದರೆ ಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಬಿಡುತ್ತಾರೆ. ಗೋವಿನಕೋವಿಯ ಮಂಡಳಿಯವರಂತೂ ಇಪ್ಪತ್ತು ವರ್ಷದಲ್ಲಿ ಇವರ ಮುಖವನ್ನೇ ನೋಡಿಲ್ಲ, ಕಂಡಕ್ಟರ್ ಮುಖವಷ್ಟೇ ಅವರಿಗೆ ಗೊತ್ತು! ದಿನಕ್ಕೆ ಒಂದು ತಬಲ, ಹೆಚ್ಚೆಂದರೆ ಎರಡು. ಒಂದೊಂದಕ್ಕೂ ಹದಿನಾರು ತೂತು, ಹದಿನಾರು ಕಡೆ ಬಾರು, ಬಾರಿನ ಕೆಳಗೆ ಎಂಟು ಮರದ ಗಟ್ಟೆ. ನಡುವಿನ ಕಪ್ಪು ಮಾತ್ರ ಹೆಂಡತಿ ದಿಲ್‌ಶಾದ್ ಬೇಗಂ ಅವರ ಪಾಲು. ಕಬ್ಬಿಣದ ಪುಡಿಯನ್ನು ಗಂಜಿಯಲ್ಲಿ ಕಲಸಿ, ಬಳಿದು, ಕಲ್ಲಿನಿಂದ ತಿಕ್ಕಿ, ಮತ್ತೆ ಬಳಿದು, ಹೀಗೆ ನಲವತ್ತು ಪದರ. ಅವರ ಬಲಗೈ ಹೆಬ್ಬೆರಳಿನ ಉಗುರು ಬೆಳೆಯುವುದನ್ನೇ ಬಿಟ್ಟಿದೆ. ಸಾಬರ ಎಡಭುಜ ಮೇಲಕ್ಕೆ ಏಳುವುದಿಲ್ಲ. ಈಗ ಮೊಬೈಲೇ ತಬಲ ಬಾರಿಸುತ್ತದೆ, ಬರುವ ಚೀಲಗಳೂ ಕಮ್ಮಿಯಾಗಿವೆ.

ಇಷ್ಟು ಬರೆದು, ಕೊನೆಗೆ ನಾಲ್ಕು ಹೊಗಳಿಕೆಯ ಮಾತು ಸೇರಿಸಿದರೆ ಲೇಖನ ಮುಗಿದೇ ಹೋಯಿತು. ಆದರೆ ಸಾಬರು ಬಿಡಬೇಕಲ್ಲ! ಹೊಗಳಿಕೆ ಶುರುವಾದ ಕೂಡಲೇ ಬಾರನ್ನು ಕೆಳಗಿಟ್ಟು, ಲುಂಗಿಗೆ ಕೈ ಒರೆಸಿಕೊಂಡು, ನೆಲ ನೋಡುತ್ತ ಕೂರುತ್ತಾರೆ.

“ಅದೆಲ್ಲ ಬ್ಯಾಡ್ರಿ. ಬರೆಯೋದಾದ್ರೆ ಹೋದ ಬ್ಯಾಸಿಗೇದು ಬರೀರಿ. ಇಲ್ಲಾಂದ್ರೆ ಬರೀಲೇಬ್ಯಾಡ್ರಿ.”

ಹೋದ ಬೇಸಿಗೆಯಲ್ಲಿ ಸಾಸ್ವೆಹಳ್ಳಿ ಹತ್ತಿರ, ಹೊಳೆದಂಡೆಯ ಬಯಲಿನಲ್ಲಿ ಎರಡು ದಿನದ ಸಂಗೀತೋತ್ಸವ ನಡೆಯಿತು. ಚನ್ನಗಿರಿಯ ಕಲ್ಪನಾಗೆ ಅಲ್ಲಿ ಗಾಯಕರೊಬ್ಬರಿಗೆ ತಬಲ ಸಾಥ್ ಕೊಡುವ ಅವಕಾಶ ಸಿಕ್ಕಿತ್ತು. ಇಪ್ಪತ್ತನಾಲ್ಕರ ಹುಡುಗಿ, ಮನೆಯಲ್ಲಿ ಮಕ್ಕಳಿಗೆ ತಬಲ ಹೇಳಿಕೊಡುತ್ತಾಳೆ. ಅಷ್ಟು ದೊಡ್ಡ ವೇದಿಕೆ ಆಕೆಗೆ ಅದೇ ಮೊದಲು. ಹೊಸ ತೊಗಲು ಹಾಕಿಸಲು ತಬಲವನ್ನು ಸಾಬರಿಗೇ ಕೊಟ್ಟಳು. ಸುದ್ದಿ ಕೇಳಿದ್ದೇ ಗೆಳೆಯರಾದ ಜಯಪ್ಪ, ಕಲ್ಲೇಶಪ್ಪ ಇಬ್ಬರೂ ಬೆನ್ನು ಬಿದ್ದರು. ಒಬ್ಬರು ಕುರಿ ವ್ಯಾಪಾರಿ, ಇನ್ನೊಬ್ಬರು ನಿವೃತ್ತ ಕಂಡಕ್ಟರ್.

“ನೀವು ಕಟ್ಟಿದ್ ತಬಲ ಸ್ಟೇಜ್ ಮ್ಯಾಲೆ ಹೆಂಗೆ ನುಡೀತೈತೆ ಅಂತ ಒಂದ್ಸಲನಾರ ಕೇಳೀರಾ? ಬರ್ರಿ ಸಾಬ್ರೇ, ಮೂರೂ ಜನ ಹೋಗಾನ.”

ನಿಜ, ಕೇಳಿರಲಿಲ್ಲ. ನಲವತ್ತೆರಡು ವರ್ಷ ಕಟ್ಟಿ ಕಟ್ಟಿ ಕಳಿಸಿದ್ದೇ ಬಂತು. ಆಸೆ ಅಂದರೆ ಅಷ್ಟಿಷ್ಟಲ್ಲ. ಹೊಸ ಅಂಗಿ ಹೊಲಿಸಿದರು.

ಎಡವಟ್ಟು ಆದದ್ದು ಇಲ್ಲೇ. ಹೊಸ ತೊಗಲನ್ನು ಒಂದು ಸಲ ಬಿಗಿದರೆ ಸಾಲದು. ನಾಲ್ಕು ದಿನ ನೆರಳಿನಲ್ಲಿಟ್ಟರೆ ಅದು ಸ್ವಲ್ಪ ಹಿಗ್ಗುತ್ತದೆ. ಆಗ ಗಟ್ಟೆ ತೆಗೆದು, ಬಾರನ್ನು ಎರಡನೇ ಸಲ ಜಗ್ಗಬೇಕು. ಜಗ್ಗದಿದ್ದರೆ ಮುಂದೆ ತೊಗಲು ಸಡಿಲವಾದಾಗ ಗಟ್ಟೆಯನ್ನು ಕೆಳಕ್ಕೆ ಬಡಿದು ಬಡಿದು ಶ್ರುತಿ ಏರಿಸಬೇಕು. ಗಟ್ಟೆ ತಳ ಮುಟ್ಟಿತೋ, ಮುಗಿಯಿತು, ಇನ್ನು ಬ್ರಹ್ಮ ಬಂದರೂ ಏರುವುದಿಲ್ಲ. ಅಂಗಿ, ಪೇಟೆ, ಗೆಳೆಯರು ಅಂತ ಓಡಾಡುತ್ತಲೇ ನಾಲ್ಕನೇ ದಿನ ಕಳೆಯಿತು. ಮರುದಿನವೇ ಕಲ್ಪನಾ ಬಂದಳು.

“ಎರಡ್ನೇ ಎಳೆತ ಆಗಿಲ್ಲ, ಇವತ್ತೊಂದಿನ ಇಟ್ಕಳ್ರಿ ಅಂತ ನಾನು ಹೇಳ್ದೆ,” ಎನ್ನುತ್ತಾರೆ ದಿಲ್‌ಶಾದ್ ಬೇಗಂ, ಕಲ್ಲು ತಿಕ್ಕುತ್ತಲೇ. “ಗಟ್ಟೆ ಬಡುದ್ರೆ ಸಾಕು ಅಂದ್ರು ಇವ್ರು.”

ಜಗಳೂರಿನ ಒಣ ಹವೆಯಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ತಬಲ ಠಣ್ ಎಂದು ನುಡಿಯಿತು. ಕಲ್ಪನಾ ಖುಷಿಯಾಗಿ ಒಯ್ದಳು.

ಉತ್ಸವದ ದಿನ ಮೂವರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗಿ ಮೂರನೇ ಸಾಲಿನಲ್ಲಿ ಜಮಖಾನ ಹಾಸಿ ಕೂತರು. ಜಯಪ್ಪನವರೋ, ಹಿಂದಿನವರಿಗೂ ಮುಂದಿನವರಿಗೂ “ಇವ್ರೇ ಕಟ್ಟಿದ್ ತಬಲ ನೋಡ್ರಿ” ಎಂದು ಸಾರಿದ್ದೇ ಸಾರಿದ್ದು. ಸಾಬರಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ಮೊದಲ ಹತ್ತು ನಿಮಿಷ ಕಲ್ಪನಾಳ ಬೆರಳು ಆಡಿದ್ದನ್ನು ನೆನೆದರೆ ಈಗಲೂ ಅವರ ಮುಖ ಅರಳುತ್ತದೆ.

ಹೊತ್ತು ಇಳಿಯಿತು. ಹೊಳೆ ಕಡೆಯಿಂದ ತೇವದ ತಣ್ಣನೆ ಗಾಳಿ ಬೀಸತೊಡಗಿತು. ಜನ “ಹಾ, ಜೀವ ಬಂತು” ಎಂದರು. ತೊಗಲು ಮಾತ್ರ ಸಡಿಲವಾಯಿತು. ಕಲ್ಪನಾ ಸುತ್ತಿಗೆ ತೆಗೆದು ಗಟ್ಟೆ ಬಡಿದಳು, ಎರಡು ನಿಮಿಷಕ್ಕೆ ಮತ್ತೆ ಬಡಿದಳು. ಗಟ್ಟೆ ತಳ ಕಂಡಿತು. ಗಾಯಕರು ಒಮ್ಮೆ ತಿರುಗಿ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಹಾಡು ನಿಲ್ಲಿಸಿಬಿಟ್ಟರು. ಆ ಶ್ರುತಿಗೆ ಹೊಂದುವ ಬೇರೆ ತಬಲ ಆಕೆಯ ಬಳಿ ಇರಲಿಲ್ಲ. ನಿರೂಪಕರು ಮೈಕ್ ಹಿಡಿದು, “ತಬಲದವರು ಇನ್ನೂ ಕಲಿಯುವ ಹಂತದಲ್ಲಿದ್ದಾರೆ, ಪ್ರೇಕ್ಷಕರು ದಯವಿಟ್ಟು ಸಹಕರಿಸಬೇಕು” ಎಂದುಬಿಟ್ಟರು. ಬಯಲೆಲ್ಲ ನಕ್ಕಿತು. ಬೇರೊಬ್ಬರು ವೇದಿಕೆ ಹತ್ತಿದರು, ಕಲ್ಪನಾ ತಬಲವನ್ನು ತಬ್ಬಿಕೊಂಡು ಇಳಿದು ಹೋದಳು.

ಸಾಬರಿಗೆ ಎಲ್ಲ ಗೊತ್ತಿತ್ತು. ಬಯಲಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಏಳಬೇಕು ಅಂದ್ಕಂಡೆ. ಸುತ್ತ ಅಷ್ಟು ಮಂದಿ, ಜಯಪ್ಪ ಬ್ಯಾರೆ ಎಲ್ಲರ್ಗೂ ನನ್ ಹೆಸ್ರು ಹೇಳ್ಯಾನೆ. ಏಳ್ಲಿಲ್ರಿ. ಅಷ್ಟೊತ್ತಿಗೆ ಜಯಪ್ಪ ನನ್ ಕಡೆ ತಿರುಗಿ, ‘ಎಂಥಾ ತಬಲ ಕೊಟ್ರಿ, ಈ ಹುಡುಗಿ ಹಾಳ್ ಮಾಡಿಬಿಟ್ಳಲ್ಲ ಸಾಬ್ರೇ’ ಅಂದ. ನಾನು...” ಕೆಳಗಿಟ್ಟ ಬಾರನ್ನು ಎತ್ತಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ನಾನು ಹೂಂ ಅಂದೆ. ಸುಮ್ನೆ ಕುಂತಿದ್ರೂ ಆಗ್ತಿತ್ತು. ಹೂಂ ಅಂದೆ.”

ದಾರಿಯುದ್ದಕ್ಕೂ ಗೆಳೆಯರು ಆಕೆಯನ್ನು ಆಡಿಕೊಂಡರು. ಇವರು ತುಟಿ ಬಿಚ್ಚಲಿಲ್ಲ. ಹನ್ನೆರಡು ದಿನ ಊಟ ಸೇರಲಿಲ್ಲ. ಹದಿಮೂರನೇ ದಿನ ಸುತ್ತಿಗೆ, ಬಾರು ಕಟ್ಟಿಕೊಂಡು ಚನ್ನಗಿರಿಯ ಬಸ್ಸು ಹತ್ತಿದರು. ಆಕೆಯ ಮನೆಯ ಪಡಸಾಲೆಯಲ್ಲಿ ಕೂತು, ತಲೆ ತಗ್ಗಿಸಿ, ಎಲ್ಲ ಹೇಳಿದರು. ಹೂಂ ಅಂದದ್ದನ್ನೂ ಬಿಡಲಿಲ್ಲ.

ಕಲ್ಪನಾ ಕೂಗಾಡಲಿಲ್ಲ. “ಇಲ್ಲಿ ಹೇಳಿದ್ರೆ ಏನ್ ಬಂತು ಚಾಚಾ?” ಎಂದಳು. “ನನ್ ಕೈ ನನಗೆ ಗೊತ್ತೈತೆ. ಅಲ್ಲಿದ್ದೋರಿಗೆ ಗೊತ್ತಾಗ್ಬೇಕಿತ್ತು.”

ಆಗಲೇ ಮೂರು ಮಕ್ಕಳನ್ನು ಹೆತ್ತವರು ಆಕೆಯ ಪಾಠದಿಂದ ಬಿಡಿಸಿದ್ದರು. ಆಮೇಲೆ ಯಾವ ಕಾರ್ಯಕ್ರಮಕ್ಕೂ ಕರೆ ಬಂದಿಲ್ಲ, ಈ ಸಲದ ಉತ್ಸವದ ಕರಪತ್ರದಲ್ಲೂ ಹೆಸರಿಲ್ಲ. ಸಾಬರು ಸಂಘಟಕರ ಮನೆಗೂ ಹೋಗಿ ಬಂದರು. “ಆಗಿದ್ದಾಗೋಯ್ತು, ಈಗ್ಯಾಕೆ ಬಿಡ್ರಿ” ಎಂದು ಚಹಾ ಕೊಟ್ಟು ಕಳಿಸಿದರು. ಜಯಪ್ಪನವರಿಗೂ ಹೇಳಿದರು.

“ಆ ಹುಡುಗಿ ಈಗ್ಲೂ ತಬಲ ನನಗೇ ಕೊಡ್ತಾಳೆ ಕಣ್ರಿ,” ಎನ್ನುತ್ತಾರೆ. “ಬೈದು ಬ್ಯಾರೆ ಕಡೆ ಹೋಗಿದ್ರೆ ಹಗುರಾಗ್ತಿತ್ತು.”

ಬಿಸಿಲು ಜಗಲಿ ಮುಟ್ಟಿದೆ. ಒಂದು ಫೋಟೋ ತೆಗೆಯೋಣವೆಂದು ಕ್ಯಾಮೆರಾ ಎತ್ತಿದರೆ ಸಾಬರು ಅಂಗೈ ಅಡ್ಡ ಹಿಡಿಯುತ್ತಾರೆ.

“ನನ್ನದು ಬ್ಯಾಡ್ರಿ. ಆವತ್ತು ಬಯಲಾಗೆ ಕುಂತಿದ್ದೋರ್ನೆಲ್ಲ ನಾನೆಲ್ಲಿ ಹುಡುಕ್ಕಂಡು ಹೋಗ್ಲಿ? ನಿಮ್ ಪೇಪರ್ ಅವ್ರ ಮನೆಗೆ ಹೋಗ್ತೈತಲ್ಲ. ಆ ಹುಡುಗಿ ಫೋಟೋ ಹಾಕ್ರಿ. ಕೆಳಗೆ ಇಷ್ಟೇ ಬರೀರಿ: ಈಕೆ ಚೆನ್ನಾಗೇ ನುಡಿಸ್ತಿದ್ಲು, ತಪ್ಪು ಕಟ್ಟಿದೋನ್ದು, ಅವನು ಮೂರ್ನೇ ಸಾಲ್ನಾಗೇ ಕುಂತಿದ್ದ.”